ಪದಚರ್ಚೆ: ‘ಮಾ’ ಅನ್ನೋ ರುಚಿಗೆ ಜುಮ್ಮು ಅನ್ನೋದಾ, ಜೋಮು ಅನ್ನೋದಾ? (ಚೈನೀಸ್ ಹೋಟೆಲ್ ಆರಿಸೋ ವಿಷಯ)

ಎಲ್ಲರಿಗೂ ನಮಸ್ಕಾರ,

ಒಂದು ಪದ ಕೇಳೋಕೆ ಬರೀತಿದೀನಿ, ಅದರ ಬಾಲಕ್ಕೆ ಇನ್ನೂ ನಾಲ್ಕೈದು ಪ್ರಶ್ನೆ ಇವೆ, ಮೇಲ್ ಉದ್ದ ಆಗತ್ತೆ, ಸಹಿಸ್ಕೊಳ್ಳಿ. ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದವರ ಒಂದು ವಾಟ್ಸಾಪ್ ಗುಂಪಿಗೆ ಅಂತ, ಚೀನಾದ ಬೇರೆ ಬೇರೆ ಕಡೆಯ ಅಡುಗೆ ರುಚಿ ನೋಡ್ಬೇಕು ಅಂದ್ರೆ ಎಂಥ ಹೋಟೆಲಿಗೆ ಹೋಗ್ಬೇಕು, ಬೋರ್ಡ್ ನೋಡಿ ಏನು ತಿಳ್ಕೋಬೇಕು, ಏನು ಆರ್ಡರ್ ಮಾಡ್ಬೇಕು ಅಂತ ಕನ್ನಡದಲ್ಲೇ ಒಂದು ಟಿಪ್ಪಣಿ ಮಾಡ್ತಿದೀನಿ. ಕೂಪರ್ಟಿನೋ, ಮಿಲ್ಪಿಟಾಸ್ ಕಡೆ ಒಂದೇ ಪಾರ್ಕಿಂಗ್ ಲಾಟ್ ಸುತ್ತ ಐದಾರು ಚೈನೀಸ್ ಹೋಟೆಲ್ ಇರ್ತವೆ, ಒಂದರ ಅಡುಗೆಗೂ ಇನ್ನೊಂದಕ್ಕೂ ಸಂಬಂಧ ಇರಲ್ಲ, ನಮ್ಮವರು ಮಾತ್ರ ಯಾವುದಕ್ಕೋ ಒಂದಕ್ಕೆ ನುಗ್ಗಿ ಹಕ್ಕಾ ನೂಡಲ್ಸ್ ಇದೆಯಾ ಅಂತ ಕೇಳಿ ಮುಖ ಸಪ್ಪೆ ಮಾಡ್ಕೊಂಡು ಬರ್ತಾರೆ.

ಮುಖ್ಯ ಪ್ರಶ್ನೆ ಇದು. ಚೀನಾದ ಸಿಚುವಾನ್ ಪ್ರಾಂತ್ಯದ ಹೆಸರಾಂತ ರುಚಿಗೆ ‘ಮಾಲಾ’ ಅಂತಾರೆ, ಎರಡು ಪದ ಕೂಡಿದ್ದು. ‘ಲಾ’ ಅಂದ್ರೆ ಖಾರ, ಅದರಲ್ಲಿ ತಕರಾರಿಲ್ಲ. ‘ಮಾ’ ಅನ್ನೋದು ಹ್ವಾಜಿಯಾವ್ (ಇಂಗ್ಲಿಷಲ್ಲಿ ಸಿಚುವಾನ್ ಪೆಪ್ಪರ್) ಅನ್ನೋ ಕಾಯಿ ಕಡಿದಾಗ ನಾಲಿಗೆ ತುಟಿ ಎಲ್ಲ ಸಣ್ಣಗೆ ಅದುರಿದ ಹಾಗಾಗಿ ಆಮೇಲೆ ಮಂದ ಆಗತ್ತಲ್ಲ, ಅದು. ಇಂಗ್ಲಿಷ್ ಮೆನು ನೋಡಿ ‘ಮರಗಟ್ಟಿಸುವ ಖಾರ’ ಅಂತ ಬರೆದ್ರೆ ಹಲ್ಲಿನ ಡಾಕ್ಟರ ಇಂಜೆಕ್ಷನ್ ನೆನಪಾಗತ್ತೆ, ಒಬ್ಬರೂ ಆ ಕಡೆ ಹೋಗಲ್ಲ. ಚೀನೀ ಭಾಷೇಲಿ ಕಾಲಿಗೆ ಜೋಮು ಹಿಡಿದ್ರೂ ಇದೇ ‘ಮಾ’ ಅಂತಾರೆ, ಆ ಲೆಕ್ಕದಲ್ಲಿ ಜೋಮು ತಕ್ಕ ಪದ, ಆದ್ರೆ ನಮಗೆ ಜೋಮು ಹಿಡಿಯೋದು ಕೈಕಾಲಿಗೆ, ‘ಊಟ ಚೆನ್ನಾಗಿತ್ತು, ನಾಲಿಗೆಗೆ ಜೋಮು ಹಿಡೀತು’ ಅಂತ ಯಾರಾದ್ರೂ ಅಂದದ್ದು ನಾನಂತೂ ಕೇಳಿಲ್ಲ.

ಹಾಗಾಗಿ ನನ್ನ ಒಲವು ಜುಮ್ಮಿನ ಕಡೆಗೆ. ಕರಾವಳಿಯವರಿಗೆ ಕಾರಣ ಹೇಳಬೇಕಾಗಿಲ್ಲ. ಬಂಗುಡೆ ಸಾರಿಗೆ ಜಜ್ಜಿ ಹಾಕೋ ತೆಪ್ಪಲ್, ತಿರ್ಫಳ, ಕನ್ನಡದಲ್ಲಿ ಜುಮ್ಮನಕಾಯಿ ಇದೆಯಲ್ಲ, ಅದೂ ಹ್ವಾಜಿಯಾವೂ ಒಂದೇ ಕುಲದ ಮರಗಳು, ಜ್ಯಾಂಥೋಕ್ಸಿಲಮ್ ಅಂತ, ಜಾತಿ ಬೇರೆ ಅಷ್ಟೆ. ಇನ್ನೂ ಮೇಲಕ್ಕೆ ಹೋದ್ರೆ ನಿಂಬೆ, ಕರಿಬೇವು, ಬಿಲ್ವ ಎಲ್ಲ ಒಂದೇ ಮನೆತನ. ಎರಡರಲ್ಲೂ ಬೇಕಾಗಿರೋದು ಸಿಪ್ಪೆ. ಒಣಗಿದ ಕಾಯಿ ಬಾಯಿ ಬಿಟ್ಕೊಂಡಿರತ್ತೆ, ಒಳಗಿನ ಕರೀ ಹೊಳೆಯೋ ಬೀಜ ಹಲ್ಲಿಗೆ ಸಿಕ್ಕಿದ್ರೆ ಮರಮರ ಅನ್ನತ್ತೆ ಅಂತ ಎಸೀತಾರೆ. ಸಿಪ್ಪೆ ಒಂದು ಚೂರು ಮುಂದಿನ ಹಲ್ಲಲ್ಲಿ ಕಡಿದು ನೋಡಿ, ಮೊದಲು ಕಿತ್ತಳೆ ಸಿಪ್ಪೆ ಘಮ, ಸ್ವಲ್ಪ ಹೊತ್ತಿಗೆ ನಾಲಿಗೆ ತುದಿ ಜುಮ್, ಆಮೇಲೆ ಬಾಯಲ್ಲಿ ನೀರು ಒಡೆದು ತುಟಿವರೆಗೂ ಹರಡತ್ತೆ. ಇದು ಬರೀ ಕಲ್ಪನೆಯೂ ಅಲ್ಲ, 2013ರಲ್ಲಿ ಲಂಡನ್ನಿನ ಸಂಶೋಧಕರು ಜನರ ತುಟಿಗೆ ಈ ಕಾಯಿ ಸವರಿ, ಬೆರಳಿಗೆ ಬೇರೆ ಬೇರೆ ವೇಗದ ಕಂಪನ ಕೊಟ್ಟು ಹೋಲಿಸಿ ನೋಡಿ ಅಂದ್ರೆ, ಸೆಕೆಂಡಿಗೆ ಸುಮಾರು 50 ಸಲ ಅದುರಿದಷ್ಟು ಅಂತ ಬಂತಂತೆ. ಜುಮ್ ಅನ್ನೋದು ಅದುರೋ ಪದ, ಮರಗಟ್ಟೋದು ಅನ್ನೋದು ಅಲುಗಾಡದ ಪದ, ಅದಕ್ಕೇ ಹೇಳಿದ್ದು.

ಕೇಳಬೇಕಾಗಿರೋದು: ‘ಜುಮ್ಮೆನ್ನು’ ಕ್ರಿಯಾಪದ ಎಲ್ಲರಿಗೂ ಗೊತ್ತು, ‘ಜುಮ್ಮು’ ಅಂತ ನಾಮಪದವಾಗಿ, ಹುಳಿ ಒಗರು ಅನ್ನೋ ಸಾಲಲ್ಲಿ, ರುಚಿಯ ಹೆಸರಾಗಿ ಯಾವ ಕಡೆಯಾದ್ರೂ ಬಳಕೇಲಿದೆಯಾ? ಕುಮಟಾ, ಕುಂದಾಪುರ, ಮಂಗಳೂರಿನವರು ಈ ಸಾರು ಉಂಡಮೇಲೆ ಬಾಯಿಗೆ ಏನಾಯ್ತು ಅಂತ ಹೇಳ್ತೀರಿ? ‘ಜುಮ್ಮುಖಾರ’ ಅಂತ ಮಾಲಾಗೆ ಸಮಾಸ ಮಾಡಿದ್ರೆ ಕಿವಿಗೆ ಒರಟಾ?

ಹೋಟೆಲ್ ಆರಿಸೋದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಅಮೆರಿಕದಲ್ಲಿ 1968ರಿಂದ 2005ರವರೆಗೆ ಈ ಕಾಯಿ ತರಿಸೋದೇ ನಿಷೇಧ ಇತ್ತು, ನಿಂಬೆ ಜಾತಿ ಗಿಡಗಳ ಕಜ್ಜಿರೋಗ ಇದರ ಜೊತೆ ಬಂದುಬಿಡತ್ತೆ ಅನ್ನೋ ಭಯಕ್ಕೆ, ಆಮೇಲೆ ಬಿಸಿ ಮಾಡಿ ರೋಗಾಣು ಕೊಂದ ಕಾಯಿಗೆ ಅನುಮತಿ ಸಿಕ್ತು. ಆ ಕಾಲದಲ್ಲಿ ಹುಟ್ಟಿದ ಎಷ್ಟೋ ‘ಸಿಚುವಾನ್’ ಹೋಟೆಲುಗಳಲ್ಲಿ ಲಾ ಉಂಟು, ಮಾ ಇಲ್ಲ. ನಮ್ಮ ಶೇಜ್ವಾನ್ ಸಾಸೂ ಅದೇ ಕಥೆ, ಹೆಸರು ಸಿಚುವಾನಿಂದು, ಒಳಗಿರೋದು ಮೆಣಸಿನಕಾಯಿ ಬೆಳ್ಳುಳ್ಳಿ. ಅದಕ್ಕೆ ಟಿಪ್ಪಣೀಲಿ ಒಂದು ಸಾಲು ಬರೆದಿದೀನಿ: ಸಿಚುವಾನ್ ಅಂತ ಬೋರ್ಡ್ ಇದ್ದು ಮಾಪೋ ಟೋಫು ಅನ್ನೋ ಖಾರದ ಅಡುಗೆ ತಿಂದಮೇಲೂ ತುಟಿ ಜುಮ್ ಅನ್ನದಿದ್ರೆ ಮುಂದಿನ ಸಲ ಪಕ್ಕದ ಬಾಗಿಲು ತಟ್ಟಿ.

ಮಾಪೋ ಅಂದೆ, ಅಲ್ಲೊಂದು ಗುಂಡಿ ಇದೆ. ಅಲ್ಲಿರೋ ‘ಮಾ’ ಜುಮ್ಮಿನ ಮಾ ಅಲ್ಲ, ಅಕ್ಷರ ಒಂದೇ ಆದ್ರೂ ಅರ್ಥ ಸಿಡುಬಿನ ಕಲೆ, ಚೆಂಗ್ಡುವಿನಲ್ಲಿ ಈ ಅಡುಗೆ ಮಾಡ್ತಿದ್ದ ಹೆಂಗಸಿನ ಮುಖದ ಮೇಲಿನ ಕಲೆ ಹೆಸರಾಗಿ ಉಳೀತು. ಮೆನುವಿನಲ್ಲಿ ‘ಮಾಜಿಯಾಂಗ್’ ಅಂತ ಕಂಡ್ರೆ ಅದು ಎಳ್ಳಿನ ಗೊಜ್ಜು, ಅಲ್ಲೂ ಅದೇ ಅಕ್ಷರ. ‘ಯೂಶ್ಯಾಂಗ್’ ಅಂದ್ರೆ ಮೀನಿನ ಘಮ ಅಂತ ಅರ್ಥ, ಒಳಗೆ ಮೀನು ಇರಲ್ಲ, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ, ವಿನಿಗರ್ ಕೂಡಿಸಿದ ಒಂದು ಹದದ ಹೆಸರು ಅದು. ಯೂಶ್ಯಾಂಗ್ ಬದನೆಕಾಯಿ ನಮ್ಮವರಿಗೆ ಬಹಳ ಹಿಡಿಸತ್ತೆ, ಹೆಸರು ನೋಡಿ ಬಿಡೋದು ಬೇಡ, ಆದ್ರೆ ಹಂದಿ ಖೀಮಾ ಉದುರಿಸಿರ್ತಾರೆ, ಕೇಳಿ ತಗೋಬೇಕು. ಇನ್ನು ದಾನ್‌ದಾನ್ ನೂಡಲ್ಸ್. ಎರಡು ತುದಿಗೆ ಒಲೆ ಪಾತ್ರೆ ನೇತುಹಾಕಿ ಹೆಗಲ ಮೇಲೆ ಹೊತ್ತು ಬೀದಿ ಬೀದಿ ಮಾರ್ತಿದ್ದ ಕೋಲಿನ ಹೆಸರು ಅದಕ್ಕೆ ಬಂದಿದೆ. ನಮ್ಮಲ್ಲಿ ಅದು ಅಡ್ಡೆ. ‘ಅಡ್ಡೆ ನೂಡಲ್ಸ್’ ಅಂತ ಬರೆಯೋಣ ಅಂದ್ಕೊಂಡೆ, ಬೆಂಗಳೂರಿನ ಹುಡುಗರು ಇದು ಯಾವ ಅಡ್ಡಾ ಅಂತಾರೆ, ಬಿಟ್ಟೆ.

ಎರಡನೇ ಪ್ರಶ್ನೆ, ಪ್ರದೇಶಕ್ಕೊಂದು ಅಡುಗೆ ಇರತ್ತಲ್ಲ ಅದಕ್ಕೆ ಏನನ್ನೋದು? ‘ಪ್ರಾದೇಶಿಕ ಪಾಕಪದ್ಧತಿ’ ಸರ್ಕಾರಿ ಸುತ್ತೋಲೆ ಭಾಷೆ. ‘ಸೀಮೆ ಅಡುಗೆ’ ನನಗೆ ಇಷ್ಟ, ಬಯಲುಸೀಮೆ ಅಂತೀವಲ್ಲ ಹಾಗೆ, ಆದ್ರೆ ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ ನೋಡಿದ್ರೆ ಸೀಮೆ ಅಂದ್ರೆ ಹೊರದೇಶದ್ದು ಅಂತಾಗತ್ತೆ, ಚೀನಾದ ಸೀಮೆ ಅಡುಗೆ ಅಂದ್ರೆ ಎರಡು ಸಲ ಪರದೇಶ ಆದ ಹಾಗೆ. ಚೀನಾದವರು ಎಂಟು ದೊಡ್ಡ ಅಡುಗೆಗಳು ಅಂತ ಲೆಕ್ಕ ಹಾಕ್ತಾರೆ, ಶಾಂಡೋಂಗ್, ಸಿಚುವಾನ್, ಗ್ವಾಂಗ್ಡೋಂಗ್, ಜಿಯಾಂಗ್ಸು, ಫೂಜಿಯಾನ್, ಜೆಜಿಯಾಂಗ್, ಹೂನಾನ್, ಆನ್ಹ್ವೇ, ಆದ್ರೆ ಈ ಪಟ್ಟಿ ಹಿಡ್ಕೊಂಡು ಹೋಟೆಲ್ ಹುಡುಕೋದು ದಂಡ, ಯಾಕಂದ್ರೆ ಇಲ್ಲಿ ಸುಲಭಕ್ಕೆ ಸಿಗೋ ವಾಯವ್ಯ ಚೀನಾದ ಶಿಯಾನ್, ಲಾನ್‌ಜೋ, ಉಯ್ಗುರ್ ಅಡುಗೆಗಳು ಆ ಎಂಟರಲ್ಲೇ ಇಲ್ಲ.

ಬೋರ್ಡ್ ನಂಬೋದರ ಬಗ್ಗೆ. ಚೆಂಗ್ಡು, ಚೋಂಗ್‌ಚಿಂಗ್, ಲಾನ್‌ಜೋ ಅಂತ ಊರಿನ ಹೆಸರು ಹಾಕಿದ್ರೆ ಸಾಮಾನ್ಯವಾಗಿ ಒಳ್ಳೇ ಲಕ್ಷಣ. ಹಳೇ ‘ಹೂನಾನ್’ ಬೋರ್ಡುಗಳು ಬೇರೆ. 70ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೂನಾನ್ ಅನ್ನೋದೇ ಫ್ಯಾಶನ್ ಆಗಿತ್ತು, ಹೂನಾನಿನಿಂದ ತೈವಾನಿಗೆ ಹೋದ ಪೆಂಗ್ ಚಾಂಗ್‌ಕ್ವೇ ಅನ್ನೋ ಬಾಣಸಿಗ ಮಾಡಿದ ಜನರಲ್ ತ್ಸೋ ಚಿಕನ್ ಅಮೆರಿಕದಲ್ಲಿ ಸಿಹಿಯಾಗಿ ಊರೆಲ್ಲ ಹಬ್ಬಿತು, ಈಗ ನಮ್ಮ ‘ಉಡುಪಿ ಹೋಟೆಲ್’ ಬೋರ್ಡಿನ ಕೆಳಗೆ ಪನೀರ್ ಬಟರ್ ಮಸಾಲ ಸಿಕ್ಕ ಹಾಗೇ ಅದೂ. ನಿಜವಾದ ಹೂನಾನ್ ಅಡುಗೇಲಿ ಸಿಹಿ ಕಮ್ಮಿ, ಜುಮ್ಮೂ ಅಷ್ಟಿಲ್ಲ, ಹಸಿಮೆಣಸಿನಕಾಯಿ ಕತ್ತರಿಸಿ ಹಾಕಿದ ನೇರ ಖಾರ, ಹೊಗೆಗೆ ಕಟ್ಟಿದ ಮಾಂಸ. ಪಕ್ಕದ ಗ್ವೇಜೋದಲ್ಲಿ ಹುಳಿಖಾರ. ಒಂದು ಗಾದೆ ಇದೆ, ‘ಇಲ್ಲ’, ‘ಹೆದರು’, ‘ಖಾರ’ ಅನ್ನೋ ಮೂರೇ ಪದ ಹಿಂದೆಮುಂದೆ ಮಾಡಿ ಆಡೋದು, ಸಿಚುವಾನಿನವರಿಗೆ ಖಾರದ ಹೆದರಿಕೆ ಇಲ್ಲ, ಗ್ವೇಜೋದವರು ಎಷ್ಟು ಖಾರ ಇದ್ರೂ ಹೆದರಲ್ಲ, ಹೂನಾನಿನವರಿಗೆ ಎಲ್ಲಿ ಖಾರ ಕಮ್ಮಿ ಆಗತ್ತೋ ಅಂತ ಹೆದರಿಕೆ. ಕನ್ನಡದಲ್ಲಿ ಆ ಪದಗಳ ಆಟ ಉಳಿಯೋ ಹಾಗೆ ಯಾರಾದ್ರೂ ಮಾಡಿಕೊಟ್ರೆ ಹಾಗೇ ಹಾಕ್ತೀನಿ.

ಉತ್ತರದ ಕಡೆ ಗೋಧಿ. ಅಲ್ಲಿ ‘ಮಿಯೆನ್’ ಅಂದ್ರೆ ಗೋಧಿ ಎಳೆ ಮಾತ್ರ, ಅಕ್ಕಿ ಎಳೆಗೆ ‘ಫೆನ್’ ಅಂತ ಬೇರೆ ಪದ, ನಮ್ಮ ಶಾವಿಗೆ ಎರಡಕ್ಕೂ ಸಲ್ಲತ್ತೆ. ಮೆನು ತುಂಬ ಮಿಯೆನ್ ಇದ್ದು, ಗಾಜಿನ ಹಿಂದೆ ಒಬ್ಬ ಹಿಟ್ಟಿನ ಉಂಡೆ ಎಳೆದು ಮಡಚಿ ಎಳೆದು ಮಡಚಿ ಹಲಗೆಗೆ ಬಡೀತಿದ್ರೆ ಕಣ್ಣುಮುಚ್ಚಿ ಕೂತ್ಕೊಳ್ಳಿ. ಲಾನ್‌ಜೋ ಅಂಗಡಿಗಳು ಬಹುಪಾಲು ಮುಸ್ಲಿಮರ ಅಡುಗೆ, ಹಂದಿ ಇರಲ್ಲ, ಆದ್ರೆ ಸಾರೇ ದನದ್ದು. ಉಯ್ಗುರ್ ಹೋಟೆಲಲ್ಲಿ ‘ಪೊಲೊ’ ಕೇಳಿ, ಪುಲಾವಿನ ದಾಯಾದಿ, ಕ್ಯಾರೆಟ್ಟೂ ಕುರಿಮಾಂಸವೂ, ಜೀರಿಗೆ ಘಮ ಬೀದಿಗೇ ಬರತ್ತೆ. ಗೋಬಿ ಮಂಚೂರಿ ಬೇಕು ಅನ್ನೋರಿಗೆ ಒಂದು ಮಾತು, ಮಂಚೂರಿಯಾ ಅಂದ್ರೆ ಚೀನಾದ ಈಶಾನ್ಯ ಭಾಗ, ಈಗಿನ ದೊಂಗ್‌ಬೇ, ಅಲ್ಲಿ ಗೋಬಿ ಮಂಚೂರಿ ಇಲ್ಲ, ಅದರ ಮೂಲ 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಮಾಡಿದ ಚಿಕನ್ ಮಂಚೂರಿಯನ್. ದೊಂಗ್‌ಬೇ ಹೋಟೆಲಲ್ಲಿ ‘ದೀಸಾನ್‌ಶಿಯೆನ್’ ತಗೊಳ್ಳಿ, ಆಲೂ, ಬದನೆ, ದೊಣ್ಣೆಮೆಣಸಿನಕಾಯಿ ಕರಿದು ಹುರಿದದ್ದು, ಅನ್ನದ ಜೊತೆ ಸೊಗಸು.

ಕ್ಯಾಂಟನ್ (ಗ್ವಾಂಗ್ಡೋಂಗ್) ಕಡೆಯದು ಹಳಬರಿಗೆ ಪರಿಚಯ ಇರೋದೇ, ಅಮೆರಿಕಕ್ಕೆ ಬಂದ ಮೊದಲ ಕಾಲದ ಚೀನೀ ವಲಸಿಗರು ಹೆಚ್ಚಾಗಿ ಗ್ವಾಂಗ್ಡೋಂಗಿನ ತೈಶಾನ್ ಸುತ್ತಮುತ್ತಲಿನವರು, 1965ರಲ್ಲಿ ಇಲ್ಲಿನ ವಲಸೆ ಕಾನೂನು ಬದಲಾದಮೇಲೇ ಬೇರೆ ಕಡೆಯವರು ದೊಡ್ಡ ಸಂಖ್ಯೇಲಿ ಬಂದದ್ದು. ಇಲ್ಲಿಯ ತೊಡಕು ‘ವೊಕ್ ಹೇ’. ಜೋರು ಉರಿಯಲ್ಲಿ ಬಾಣಲೆ ಎತ್ತಿ ಎತ್ತಿ ಹಾರಿಸಿದಾಗ ಎಣ್ಣೆ ಹೊತ್ತಿ ಬರೋ ಒಂದು ಘಮ. ‘ಸೀದ’ ಅಂದ್ರೆ ಬೈಗುಳ, ‘ಘಾಟು’ ಅಂದ್ರೆ ಕೆಮ್ಮು ಬರತ್ತೆ, ‘ಬಾಣಲೆಯ ಉಸಿರು’ ಅಂತ ಬರೆಯೋರಿದ್ದಾರೆ, ಅದು ಅನುವಾದದ ವಾಸನೆ. ನಾನು ವೊಕ್ ಹೇ ಅಂತಲೇ ಬಿಟ್ಟಿದೀನಿ. ಪರೀಕ್ಷೆ ಮಾಡೋರು ದನದ ಮಾಂಸದ ಅಗಲ ಅಕ್ಕಿ ನೂಡಲ್ಸ್ ಹುರಿದದ್ದು ಕೇಳ್ತಾರೆ, ತಿನ್ನದವರು ಬರೀ ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ಕೇಳಿ ಸಾಕು, ತಟ್ಟೇಲಿ ನೀರು ನಿಂತಿದ್ರೆ ಉರಿ ಸಾಲದು ಅಂತ ತಿಳೀತು. ಡಬ್ಬೀಲಿ ಕಟ್ಟಿಸ್ಕೊಂಡು ಮನೆಗೆ ತಂದು ತೀರ್ಪು ಕೊಡ್ಬೇಡಿ, ಅದು ದಾರೀಲೇ ಹೋಗತ್ತೆ.

ಕೊನೇದು ಸಸ್ಯಾಹಾರದ್ದು, ಇದಕ್ಕೆ ಬೇಗ ಉತ್ತರ ಬೇಕು. ‘ಮಾಂಸ ಇಲ್ಲ’ ಅಂದ್ರೆ ಅಡುಗೆಯವರ ಮನಸಲ್ಲಿ ತುಂಡು ಇಲ್ಲ ಅಂತ, ಸಾರಿನ ನೀರು, ಖೀಮಾ, ಸಿಗಡಿ ಪುಡಿ ಲೆಕ್ಕಕ್ಕೇ ಬರಲ್ಲ. ‘ಸೂ’ ಅನ್ನೋ ಪದ ಕೇಳಿದ್ರೆ ಬೌದ್ಧರ ಸಸ್ಯಾಹಾರ ಅಂತ ಗೊತ್ತಾಗತ್ತೆ, ಅದರಲ್ಲಿ ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ, ತೈವಾನಿನಲ್ಲಂತೂ ಪೊಟ್ಟಣದ ಮೇಲೇ ಅವು ಇರೋ ಸಸ್ಯಾಹಾರ, ಇಲ್ಲದ ಸಸ್ಯಾಹಾರ ಅಂತ ಬೇರೆ ಬೇರೆ ನಮೂದಿಸ್ತಾರೆ. ನಮ್ಮ ಗುಂಪಲ್ಲಿ ಈರುಳ್ಳಿ ಬಿಟ್ಟವರು ನಾಲ್ಕು ಮನೆ ಇದಾರೆ, ಅವರಿಗೆ ಇಂಥ ಹೋಟೆಲ್ ವರ. ‘ಸಾತ್ವಿಕ’ ಅಂತ ಹಾಕಿದ್ರೆ ಕಂದಮೂಲದ ಜಗಳ ಶುರುವಾಗತ್ತೆ, ‘ಮಡಿ ಅಡುಗೆ’ ಅಂದ್ರೆ ಪೂರಾ ಬೇರೆ ಅರ್ಥ. ಚಾತುರ್ಮಾಸ್ಯ, ಏಕಾದಶಿ ಎಲ್ಲ ಎಳೆದು ತರದೆ, ಬರೀ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಅಂತ ಒಂದೇ ಪದದಲ್ಲಿ ಹೇಳೋದು ನಿಮ್ಮ ಮನೆಗಳಲ್ಲಿ ಏನಾದ್ರೂ ಇದೆಯಾ?

ವಂದನೆಗಳೊಂದಿಗೆ,
ಸನ್ನಿವೇಲ್‌ನಿಂದ