ಕಾರ್ಟ್ರಿಜ್ ಸ್ಕ್ರೂ ಸವೆದಿದೆ, ಬಿಚ್ಚೋದು ಹೇಗೆ?

ಪ್ರಶ್ನೆ, ಕಾರವಾರ: ಸೂಪರ್ ನಿಂಟೆಂಡೊ (ಹಳೇ ವಿಡಿಯೋ ಗೇಮ್ ಕನ್ಸೋಲ್) ಗೇಮ್ ಕಾರ್ಟ್ರಿಜ್‌ನ ಸೇವ್ ಬ್ಯಾಟರಿ, ಅಂದ್ರೆ ಆಟದ ಸೇವ್ ಉಳಿಸೋ ಬ್ಯಾಟರಿ, ಬದಲಿಸಬೇಕು. ಎರಡರಲ್ಲಿ ಒಂದು ಸ್ಕ್ರೂ ಬಂತು. ಇನ್ನೊಂದು ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಚು ಸವೆದಿದೆ, ಸ್ಕ್ರೂಡ್ರೈವರ್ ಬಿಟ್ ಜಾರುತ್ತೆ.

ಶಿರಸಿ: ಬಿಟ್ 3.8 ಮಿ.ಮೀ. ತಾನೇ? 4.5 ಕನ್ಸೋಲಿನದು. ಕುಳಿಯೊಳಗಿನ ತುಕ್ಕನ್ನು ಸೂಜಿಯಿಂದ ಕೆರೆಯಿರಿ, ಇಲ್ಲದಿದ್ರೆ ಬಿಟ್ ತಳದವರೆಗೆ ಕೂರಲ್ಲ. ಆಮೇಲೆ ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಮಾತ್ರ 5 ಸೆಕೆಂಡು ತಾಗಿಸಿ. ಸ್ಕ್ರೂ ಕಚ್ಚಿರೋದು ಪ್ಲಾಸ್ಟಿಕ್ಕನ್ನು. ಅದು ಕೊಂಚ ಮೆತ್ತಗಾದ್ರೆ ಸಾಕು. ಗಟ್ಟಿಯಾಗಿ ಒತ್ತಿ, ನಿಧಾನ ತಿರುಗಿಸಿ.

ಕುಮಟಾ: ಆಗಲಿಲ್ಲಂದ್ರೆ ತಲೆಯನ್ನಷ್ಟೇ ಡ್ರಿಲ್ ಮಾಡಿ ಕಳಚಿ, ಉಳಿದ ಕಾಂಡವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ. ಲೋಹದ ಪುಡಿ ಬೋರ್ಡ್ ಮೇಲೆ ಉಳಿದ್ರೆ ಶಾರ್ಟ್ ಆಗುತ್ತೆ, ಬ್ರಷ್ ಹಾಕಿ.

ಶಿರಸಿ: ಹೌದು. ವಾಪಸ್ ಹಾಕುವಾಗ ಹೊಸ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ. ‘ಟಕ್’ ಅಂತ ಹಳೇ ಮರೆಗೆ (ಪ್ಲಾಸ್ಟಿಕ್ಕಿನ ಸುರುಳಿ ಗೆರೆಗೆ) ಇಳಿದ ಮೇಲೆ ಬಲಕ್ಕೆ.