ಕ್ಯಾಮೆರಾ ಸ್ಟ್ರ್ಯಾಪಿಗೆ ಬೆಲ್ಟು, ಪಟ್ಟಿ, ಬಾರು: ಯಾವುದು ಸರಿ? ಜೊತೆಗೆ ‘ಬಿಗಿ’ಯ ಗೊಂದಲ

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ವಿಚಾರ ಕೇಳಬೇಕಿತ್ತು. ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ.

ನಾನು ಹಕ್ಕಿಗಳ ಫೋಟೊ ತೆಗೆಯುತ್ತೇನೆ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರಿಗೆ ಭಾನುವಾರ ಒಂದಿಷ್ಟು ಹೇಳಿಕೊಡುತ್ತೇನೆ. ಅವರಲ್ಲಿ ಜಾಸ್ತಿ ಜನ ಕನ್ನಡದಲ್ಲೇ ಓದಿದವರು. ಭಾರದ ಕ್ಯಾಮೆರಾಗೆ ಎಂಥ ಸ್ಟ್ರ್ಯಾಪ್ ತಗೋಬೇಕು, ಅದನ್ನು ಹೇಗೆ ಹಾಕಬೇಕು ಅಂತ ಅವರಿಗಾಗಿ ಎರಡು ಪುಟ ಬರೆದುಕೊಟ್ಟೆ. ಅದರಲ್ಲಿ ‘ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳಿ’ ಅಂತ ಒಂದು ಸಾಲು ಇತ್ತು. ಒಬ್ಬ ಹುಡುಗ ಅದನ್ನು ಓದಿ, ಪಟ್ಟಿಯನ್ನು ಗಿಡ್ಡ ಮಾಡಿ, ಕ್ಯಾಮೆರಾ ಎದೆಗೆ ಒತ್ತುವ ಹಾಗೆ ಹಾಕಿಕೊಂಡು ಬಂದ. ಬಕಲಿನಲ್ಲಿ ತೂರಿಸಿದ ತುದಿ ಜಾರದ ಹಾಗಿರಲಿ ಅನ್ನುವುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಆ ತುದಿ ಮಾತ್ರ ಸಡಿಲವಾಗಿಯೇ ಉಳಿದಿತ್ತು. ಕೆರೆ ಏರಿಯ ಮೇಲೆ ನಡೆಯುವಾಗ ಒಂದು ಕಡೆ ಸರ್ರನೆ ಜಾರಿತು. ಕ್ಯಾಮೆರಾ ಅವನ ಮೊಣಕಾಲಿಗೆ ಬಡಿದು ಹುಲ್ಲಿನ ಮೇಲೆ ಬಿತ್ತು. ಲೆನ್ಸಿನ ಮುಂದಿನ ಫಿಲ್ಟರ್ ಒಡೆಯಿತು, ಪುಣ್ಯಕ್ಕೆ ಬೇರೇನೂ ಆಗಲಿಲ್ಲ. ಹುಡುಗನ ಮುಖ ಬಿಳಿಚಿಕೊಂಡಿತ್ತು. ಅವನು ಬರೆದಿದ್ದನ್ನು ಬರೆದಂತೆಯೇ ಪಾಲಿಸಿದ್ದ. ತಪ್ಪು ನಾನು ಬರೆದ ಪದದ್ದು.

‘ರವಿಕೆ ಬಿಗಿಯಾಗಿದೆ’ ಅಂದರೆ ಮೈಗೆ ಒತ್ತುತ್ತಿದೆ ಅಂತ. ‘ಗಂಟು ಬಿಗಿಯಾಗಿದೆ’ ಅಂದರೆ ಬಿಚ್ಚಿಕೊಳ್ಳುವುದಿಲ್ಲ ಅಂತ. ಒಂದೇ ಪದ, ಎರಡು ಕೆಲಸ. ಕ್ಯಾಮೆರಾ ಪಟ್ಟಿಗೆ ಮೊದಲನೆಯದು ಬೇಡ, ಎರಡನೆಯದು ಬೇಕೇ ಬೇಕು. ‘ಗಟ್ಟಿ’ ಅಂತ ಬರೆಯೋಣವೇ ಅಂದುಕೊಂಡೆ. ಅದು ವಸ್ತುವಿನ ಗುಣ. ಬಟ್ಟೆ ಗಟ್ಟಿ, ದಾರ ಗಟ್ಟಿ. ಆದರೆ ಈಗಿನ ನೈಲಾನ್ ಪಟ್ಟಿ ನಡುವೆ ಹರಿಯುವುದು ತೀರಾ ಕಮ್ಮಿ. ಬಿಟ್ಟುಕೊಳ್ಳುವುದು ಅದು ಸೇರುವ ಜಾಗ. ಹಾಗಾಗಿ ‘ಭದ್ರ’ ಅನ್ನುವುದೇ ಸರಿ ಅನ್ನಿಸಿತು. ಬಾಗಿಲು ಭದ್ರ ಮಾಡು ಅಂತೀವಲ್ಲ, ಹಾಗೆ. ಈಗ ಆ ಸಾಲನ್ನು ‘ಪಟ್ಟಿ ಸಡಿಲವಾಗಿರಲಿ, ತುದಿ ಭದ್ರವಾಗಿರಲಿ’ ಅಂತ ತಿದ್ದಿದ್ದೇನೆ. ಓದಿದವರಿಗೆ ಸರಿಯಾಗಿ ತಲುಪುತ್ತದೆಯೇ ಹೇಳಿ.

ಇನ್ನು ಆ ವಸ್ತುವಿನ ಹೆಸರಿಗೇ ಬರೋಣ. ಸ್ಟುಡಿಯೊದವರೆಲ್ಲ ಅದನ್ನು ‘ಬೆಲ್ಟು’ ಅನ್ನುತ್ತಾರೆ. ಅಂಗಡಿಯಲ್ಲಿ ಕ್ಯಾಮೆರಾ ಬೆಲ್ಟು ಕೊಡಿ ಅಂದರೆ ಸಾಕು, ಕೊಡುತ್ತಾರೆ. ಆ ಪದ ಚೆನ್ನಾಗಿ ನೆಲೆಯೂರಿದೆ, ನನ್ನ ತಕರಾರಿಲ್ಲ. ಆದರೆ ಬರೆಯುವಾಗ ಸೊಂಟದ ಬೆಲ್ಟಿನ ಮಾತೂ ಬರುತ್ತದೆ. ದೂರ ನಡೆಯುವವರು ಕ್ಯಾಮೆರಾವನ್ನು ಸೊಂಟಕ್ಕೂ ತಗುಲಿಸಿಕೊಳ್ಳುತ್ತಾರೆ. ಆಗ ಯಾವ ಬೆಲ್ಟು ಅಂತ ಗೊಂದಲ ಆಗುತ್ತದೆ. ‘ಪಟ್ಟಿ’ಯೂ ಸಲೀಸಾದ ಪದವೇ. ಆದರೆ ಸಾಮಾನಿನ ಪಟ್ಟಿ, ಗಾಯದ ಪಟ್ಟಿ, ಹೀಗೆ ಹತ್ತು ಪಟ್ಟಿಗಳಿವೆ. ‘ನೆಕ್ ಸ್ಟ್ರ್ಯಾಪ್’ ಅನ್ನುವುದಕ್ಕೆ ಒಬ್ಬರು ‘ಕೊರಳಪಟ್ಟಿ’ ಅಂತ ಬರೆದಿದ್ದು ನೋಡಿದೆ. ಅದು ಒಪ್ಪುವುದೇ ಇಲ್ಲ. ಕೊರಳಪಟ್ಟಿ ಅಂದರೆ ಅಂಗಿಯ ಕಾಲರ್. ಕೊರಳಪಟ್ಟಿ ಹಿಡಿದು ಕೇಳಿದ ಅಂದರೆ ಜಗಳ ಅಂತಲೇ ಅರ್ಥ. ‘ಕುತ್ತಿಗೆ ಪಟ್ಟಿ’ ಅಂದರೆ ನಾಯಿಗೆ ಹಾಕುವುದು ನೆನಪಾಗುತ್ತದೆ, ಇಲ್ಲವಾದರೆ ಕತ್ತುನೋವಿಗೆ ಡಾಕ್ಟರು ಹಾಕಿಸುವುದು.

ನನಗೆ ತುಂಬ ಹಿಡಿಸಿದ್ದು ‘ಬಾರು’. ಚಪ್ಪಲಿಯ ಬಾರು, ಬಾರುಕೋಲು, ಎಲ್ಲವೂ ನಮ್ಮ ಬಾಯಲ್ಲಿ ಇರುವಂಥವೇ. ತಮಿಳಿನಲ್ಲಿ ಇದು ವಾರ್. ಅಲ್ಲಿನ ವಾಳೈ ಇಲ್ಲಿ ಬಾಳೆ ಆದ ಹಾಗೆ ಅಲ್ಲಿನ ವಾರ್ ಇಲ್ಲಿ ಬಾರು. ಬಾರು ಅಂದರೆ ತೊಗಲಿನದು, ನೈಲಾನಿಗೆ ಹೇಗೆ ಹೇಳುವುದು ಅಂತ ಒಬ್ಬ ಗೆಳೆಯರು ಕೇಳಿದರು. ರಬ್ಬರ್ ಚಪ್ಪಲಿಗೂ ಬಾರು ಅಂತಲೇ ಅಂತೀವಲ್ಲ? ತೊಗಲು ಹೋದರೂ ಪದ ಉಳಿದುಕೊಂಡಿದೆ. ಚಪ್ಪಲಿಯದೇ ಇನ್ನೊಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಚಪ್ಪಲಿ ಕೈಕೊಡುವುದು ಸಾಮಾನ್ಯವಾಗಿ ಬಾರು ಹರಿದು ಅಲ್ಲ, ಉಂಗುಷ್ಟ ಕಿತ್ತು. ಕ್ಯಾಮೆರಾದಲ್ಲೂ ಹಾಗೆಯೇ ಅಂತ ಹುಡುಗರಿಗೆ ಹೇಳಿದಾಗ ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಬಾರು ಹೋಗಿ ಸೇರುವ ಆ ಲೋಹದ ಬಳೆಗೆ, ಅಂದರೆ ಕ್ಯಾಮೆರಾದ ಎಡಬಲದ ಮೇಲ್ತುದಿಯಲ್ಲಿರುತ್ತದಲ್ಲ ಅದಕ್ಕೆ, ನಾನು ‘ಕಿವಿ’ ಅಂತ ಬರೆದಿದ್ದೇನೆ. ಬಾಣಲೆಗೆ ಕಿವಿ ಇದೆ, ಕೊಪ್ಪರಿಗೆಗೆ ಕಿವಿ ಇದೆ. ಹಿಡಿದು ಎತ್ತುವ ಜಾಗ ಕಿವಿ. ಹಾಕುವ ಕ್ರಮವನ್ನು ಹೀಗೆ ಬರೆದೆ: ‘ಬಾರಿನ ತುದಿಯನ್ನು ಮೊದಲು ಬಾರಿನ ಜೊತೆಗೇ ಬರುವ ಚಿಕ್ಕ ಬಳೆಯೊಳಗೆ ತೂರಿಸಿ. ಆಮೇಲೆ ಕ್ಯಾಮೆರಾದ ಕಿವಿಯೊಳಗೆ ತೂರಿಸಿ, ಹಿಂದಕ್ಕೆ ಮಡಿಸಿ. ಅದೇ ಚಿಕ್ಕ ಬಳೆಯಲ್ಲಿ ಮತ್ತೆ ಬರಲಿ. ಕೊನೆಗೆ ಬಕಲಿನ ಎರಡು ಕಿಂಡಿಗಳಲ್ಲಿ ಹಾಯಿಸಿ, ಬಾಲ ಒಳಮಗ್ಗುಲಲ್ಲಿ ಉಳಿಯುವಂತೆ ಎಳೆಯಿರಿ. ನಾಲ್ಕೈದು ಸೆಂಟಿಮೀಟರ್ ಬಾಲ ಬಿಡಿ. ಎರಡೂ ಕೈಯಿಂದ ಜಗ್ಗಿ ನೋಡಿ.’ ಬಾಲ ಒಳಗಿದ್ದರೆ ಭಾರ ಬಿದ್ದಷ್ಟೂ ಬಾರು ಅದನ್ನು ಒತ್ತಿ ಹಿಡಿಯುತ್ತದೆ. ಹುಡುಗನದು ಹೊರಗಿತ್ತು, ಅದೂ ಬೆರಳಗಲ ಮಾತ್ರ.

ಭಾರ ಅಂದರೆ ಎಷ್ಟು ಭಾರ ಅಂತ ತೂಗಿ ಹೇಳಿದರೆ ಪದಗಳ ಆಯ್ಕೆ ಇನ್ನೂ ಸ್ಪಷ್ಟವಾಗುತ್ತದೆ. ನಿಕಾನ್ ಡಿ850 ಬ್ಯಾಟರಿ, ಕಾರ್ಡ್ ಸೇರಿ 1005 ಗ್ರಾಂ. ಅದಕ್ಕೆ ಹಕ್ಕಿಯವರು ಹಾಕುವ 200-500 ಎಂಎಂ ಲೆನ್ಸ್ ಸುಮಾರು 2300 ಗ್ರಾಂ. ಒಟ್ಟು ಮೂರು ಕೆಜಿ ಮುನ್ನೂರು ಗ್ರಾಂ. ಲೆನ್ಸಿನ ತೂಕವೇ ಕ್ಯಾಮೆರಾದ ಎರಡರಷ್ಟಕ್ಕಿಂತ ಜಾಸ್ತಿ. ಇಂಥದ್ದನ್ನು ಕ್ಯಾಮೆರಾದ ಕಿವಿಯಿಂದ ತೂಗುಹಾಕಬಾರದು. ಲೆನ್ಸು ಕ್ಯಾಮೆರಾಕ್ಕೆ ಕೂಡುವ ಜಾಗಕ್ಕೆ ಪೂರ್ತಿ ಎಳೆತ ಬೀಳುತ್ತದೆ. ಲೆನ್ಸಿಗೇ ಒಂದು ‘ಕಾಲು’ ಇರುತ್ತದೆ, ಟ್ರೈಪಾಡಿಗೆ ಕೂರಿಸುವುದು. ಬಾರನ್ನು ಅಲ್ಲಿಗೆ ಸೇರಿಸಬೇಕು. ಅಲ್ಲಿ ಇರುವುದು ಕಾಲಿಂಚಿನ ತಿರುಪು. ನಡೆಯುತ್ತಾ ನಡೆಯುತ್ತಾ ಅದು ತಾನೇ ಸಡಿಲಾಗಬಹುದು. ‘ನಿಂತಾಗಲೆಲ್ಲ ತಿರುಪು ಮುಟ್ಟಿ ನೋಡಿ’ ಅಂತ ಬರೆದಿದ್ದೇನೆ. ಸ್ಕ್ರೂ ಅನ್ನುವುದಕ್ಕಿಂತ ತಿರುಪು ನನಗೆ ಇಷ್ಟ. ಏನು ಮಾಡಬೇಕು ಅನ್ನುವುದು ಪದದಲ್ಲೇ ಇದೆ.

ಬಾರನ್ನು ಹಾಕಿಕೊಳ್ಳುವ ಬಗೆಗೂ ಪದ ಬೇಕು. ಮೂರು ಕೆಜಿಯನ್ನು ಕತ್ತಿಗೆ ತೂಗುಹಾಕಿಕೊಂಡು ಅರ್ಧ ದಿನ ನಡೆದರೆ ಸಂಜೆಗೆ ತಲೆ ಎತ್ತಲು ಆಗುವುದಿಲ್ಲ. ಒಂದು ಹೆಗಲಿಂದ ಇನ್ನೊಂದು ಕಡೆಯ ಸೊಂಟಕ್ಕೆ ಅಡ್ಡಲಾಗಿ ಹಾಕುವುದೇ ಒಳ್ಳೆಯದು. ಇಂಗ್ಲಿಷಿನವರ ‘ಸ್ಲಿಂಗ್’ ಅದೇ. ನಮ್ಮಲ್ಲಿ ಬಗಲಚೀಲ ಇದೆ, ಜೋಳಿಗೆ ಇದೆ. ಎರಡನ್ನೂ ಹಾಗೆಯೇ ಹಾಕುತ್ತೇವೆ. ಅದಕ್ಕೆ ‘ಬಗಲಬಾರು’ ಅಂದೆ. ಉತ್ತರ ಕರ್ನಾಟಕದ ಹುಡುಗನೊಬ್ಬ ಕೇಳಿದ ಕೂಡಲೇ ಒಪ್ಪಿಕೊಂಡ, ಅವನ ಮನೆಮಾತಿನಲ್ಲಿ ಬಗಲು ಪದದ ಬಳಕೆ ಜಾಸ್ತಿ. ‘ಭುಜ’ ಮಾತ್ರ ಬೇಡ. ಹೊರೆ ಕೂರುವುದು ಹೆಗಲಿನ ಮೇಲೆ. ನೊಗಕ್ಕೂ ಹೆಗಲು, ಅಡ್ಡೆಗೂ ಹೆಗಲು.

ಇನ್ನು ಹಿತದ ಮಾತು. ಮೆತ್ತಗಿದ್ದರೆ ಹಿತ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ರಬ್ಬರಿನ ಹಾಗೆ ಹಿಗ್ಗುವ ಬಾರಿನಲ್ಲಿ ಕ್ಯಾಮೆರಾ ಹೆಜ್ಜೆ ಹೆಜ್ಜೆಗೂ ಕುಲುಕುತ್ತದೆ. ಮೊದಲು ಹಗುರ ಅನ್ನಿಸುತ್ತದೆ, ಎರಡು ಗಂಟೆಯ ಮೇಲೆ ಆ ಕುಲುಕಾಟವೇ ಸುಸ್ತು ಮಾಡುತ್ತದೆ. ಕಿರಿದಾದ ಬಾರಾದರೆ ಹೆಗಲನ್ನು ಕಚ್ಚುತ್ತದೆ, ಹೊಸ ಚಪ್ಪಲಿ ಕಾಲು ಕಚ್ಚಿದ ಹಾಗೆ. ಅಗಲವಾಗಿರಬೇಕು, ಹಿಗ್ಗಬಾರದು, ಒಳಮಗ್ಗುಲು ಜಾರಬಾರದು. ಹೆಗಲ ಮೇಲೆ ಕೂರುವ ಆ ದಪ್ಪ ಭಾಗಕ್ಕೆ ಮೊದಲು ‘ಸಿಂಬಿ’ ಅನ್ನೋಣ ಅಂದುಕೊಂಡಿದ್ದೆ. ಕೊಡ ಹೊರುವವರು ತಲೆಗೂ ಕೊಡಕ್ಕೂ ನಡುವೆ ಇಡುವುದು ಅದೇ ಕೆಲಸಕ್ಕೆ. ಆದರೆ ಸಿಂಬಿ ಅಂದರೆ ದುಂಡಗಿನ ಸುರುಳಿಯೇ ಕಣ್ಣಿಗೆ ಬರುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ‘ಮೆತ್ತೆ’ ಅಂತ ಬದಲಿಸಿದೆ.

ಎರಡು ಕಡೆ ನನಗೆ ಇನ್ನೂ ಒಪ್ಪುವ ಪದ ಸಿಕ್ಕಿಲ್ಲ. ಒಂದು, ತಿರುಪು ಬಿಟ್ಟರೂ ಕ್ಯಾಮೆರಾ ನೆಲಕ್ಕೆ ಬೀಳದ ಹಾಗೆ ಕಿವಿಯಿಂದ ಬಾರಿಗೆ ಕಟ್ಟುವ ಚಿಕ್ಕ ದಾರ. ರಂಗನತಿಟ್ಟಿನಲ್ಲಿ ದೋಣಿಯಿಂದ ಬಾಗಿ ಫೋಟೊ ತೆಗೆಯುವಾಗ ಅದಿಲ್ಲದೆ ನಾನು ಕೂರುವುದಿಲ್ಲ. ಸದ್ಯಕ್ಕೆ ‘ಕಾಪುದಾರ’ ಅಂತ ಬರೆದಿದ್ದೇನೆ. ದೇವರ ದಾರ ಅಂತ ಯಾರಾದರೂ ತಿಳಿದಾರು ಅನ್ನುವ ಅಳುಕಿದೆ. ಇನ್ನೊಂದು, ಬಾಲವನ್ನು ಹಿಡಿದಿಡುವ ಎರಡು ಕಿಂಡಿಯ ಬಕಲು. ಮೈಸೂರಿನ ಟಾಂಗಾದವರು ಕುದುರೆಯ ಬಾರುಗಳಲ್ಲಿ ಬಕಲು ಬಳಸುತ್ತಾರೆ, ಅವರ ಬಾಯಲ್ಲಿ ಅದಕ್ಕೊಂದು ಹೆಸರು ಇದ್ದೇ ಇರಬೇಕು. ನಿಮ್ಮ ಪೈಕಿ ಯಾರಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಭಾನುವಾರದೊಳಗೆ ಸಿಕ್ಕರೆ ಹೊಸ ಪ್ರತಿಯಲ್ಲಿ ಸೇರಿಸುತ್ತೇನೆ.