21 ದಿನ ಉಳಿದಿದೆ, ಬೀದರ್‌ನಲ್ಲಿ ಅಂತರ್ ಕಾಲೇಜು ಬ್ಯಾಸ್ಕೆಟ್‌ಬಾಲ್: 2-3 ಜೋನ್ ಒಡೆಯೋದು ಹೇಗೆ, ಒಂದೇ ದಿನ ಎರಡು ಪಂದ್ಯ ತಾಳೋದು ಹೇಗೆ?

ಜಂಪ್‌ಬಾಲ್_ಕಲಬುರಗಿ (ಪ್ರಶ್ನೆ)

ಕಲಬುರಗಿಯ ಪದವಿ ಕಾಲೇಜು, ಹುಡುಗರ ತಂಡ, 11 ಜನ. ಆರಡಿ ದಾಟಿದವರು ಇಬ್ಬರೇ. ಈ ಸಲದ ಟೂರ್ನಮೆಂಟ್ ಬೀದರ್‌ನಲ್ಲಿ, ನಾಕೌಟ್ ಕಮ್ ಲೀಗ್. ಮೊದಲ ದಿನ ಎರಡು ನಾಕೌಟ್ ಪಂದ್ಯ, ಗೆದ್ದು ಉಳಿದ 4 ತಂಡಕ್ಕೆ ಮರುದಿನದಿಂದ ಲೀಗ್. ನಮ್ಮದು ಹೊರಾಂಗಣದ ಸಿಮೆಂಟ್ ಕೋರ್ಟ್. ಬೆಳಿಗ್ಗೆ 6ರಿಂದ 8, ಸಂಜೆ 5ರಿಂದ 6.30 ಅಭ್ಯಾಸ.

ತೊಂದರೆ ಮೂರು. ಎದುರಾಳಿ 2-3 ಜೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ಆಟಗಾರನ ಬದಲು ಜಾಗವನ್ನು ಕಾಯುವುದು) ಹಾಕಿದರೆ ನಮ್ಮವರು ಹೊರಗೇ ಚೆಂಡು ತಿರುಗಿಸಿ ಕೊನೆಗೆ ಮೂರು ಪಾಯಿಂಟಿನ ಗೆರೆಯಿಂದ ಎಸೆಯುತ್ತಾರೆ. ಫುಲ್ ಕೋರ್ಟ್ ಪ್ರೆಸ್ (ಇಡೀ ಕೋರ್ಟಿನಲ್ಲಿ ಬೆನ್ನಟ್ಟಿ ಮುತ್ತುವುದು) ಬಂದರೆ ಚೆಂಡು ಕಳೆದುಕೊಳ್ಳುತ್ತೇವೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಫ್ರೀ ಥ್ರೋ ಕೆಡುತ್ತದೆ. ದಿನಾ 5 ಕಿ.ಮೀ. ಓಟ, ಜೊತೆಗೆ 5 ಹೊಸ ಪ್ಲೇ (ಮೊದಲೇ ಗೊತ್ತುಮಾಡಿದ ದಾಳಿಯ ಚಲನೆ) ಕಲಿಸುವುದು ಎಂದು ಯೋಜನೆ ಹಾಕಿದ್ದೇವೆ. ಇದು ಸರಿಯೇ?

ಹೈಪೋಸ್ಟ್

5 ಪ್ಲೇ ಬೇಡ. 21 ದಿನದಲ್ಲಿ ಐದನ್ನು ಕಲಿಸಿದರೆ ಪಂದ್ಯದ ಒತ್ತಡದಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಮ್ಯಾನ್‌ಗೆ (ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬ ಕಾಯುವ ರಕ್ಷಣೆಗೆ) ಒಂದು, ಜೋನ್‌ಗೆ ಒಂದು, ಎಂಡ್ ಲೈನ್‌ನಿಂದ (ರಿಂಗ್ ಹಿಂದಿನ ಗೆರೆಯಿಂದ) ಚೆಂಡು ಒಳಗೆ ಹಾಕುವುದಕ್ಕೆ ಒಂದು. ಇಷ್ಟು ಸಾಕು. ಉಳಿದ ಸಮಯವನ್ನೆಲ್ಲ ಜೋನ್‌ಗೆ ಕೊಡಿ, ನಿಮ್ಮ ನಿಜವಾದ ರೋಗ ಅಲ್ಲಿದೆ.

ಹೊರಗೆ ಚೆಂಡು ತಿರುಗಿಸಿದರೆ ಜೋನ್ ಯಾಕೆ ಒಡೆಯುವುದಿಲ್ಲ ಎಂದರೆ, ನೀವು 6 ಮೀಟರ್ ಪಾಸ್ ಕೊಡುವಷ್ಟರಲ್ಲಿ ಅವರು ಎರಡು ಹೆಜ್ಜೆ ಇಟ್ಟು ಜಾಗ ಮುಚ್ಚಿಬಿಡುತ್ತಾರೆ. ಓಡಾಟ ನಿಮ್ಮದು, ವಿಶ್ರಾಂತಿ ಅವರದು. 2-3 ಜೋನ್‌ಗೆ ತೂತು ಇರುವುದು ಫ್ರೀ ಥ್ರೋ ಗೆರೆಯ ನಡುವೆ, ಮುಂದಿನ ಇಬ್ಬರ ಬೆನ್ನ ಹಿಂದೆ. ಇನ್ನೊಂದು ತೂತು ಎಂಡ್ ಲೈನ್ ಹತ್ತಿರ, ಪೇಂಟ್‌ನಿಂದ (ರಿಂಗ್ ಮುಂದಿನ ಗುರುತಿಸಿದ ಆಯತದಿಂದ) ಒಂದೂವರೆ ಮೀಟರ್ ಆಚೆ, ಅಂದರೆ ಶಾರ್ಟ್ ಕಾರ್ನರ್.

1-3-1ರಲ್ಲಿ ನಿಲ್ಲಿಸಿ. ಮೇಲೆ ಪಾಯಿಂಟ್ ಗಾರ್ಡ್, ಎರಡು ಬದಿಗೆ ವಿಂಗ್, ಫ್ರೀ ಥ್ರೋ ಗೆರೆಯಲ್ಲಿ ಒಬ್ಬ, ಎಂಡ್ ಲೈನ್ ಉದ್ದಕ್ಕೂ ಚೆಂಡಿನ ಕಡೆ ಓಡುವವ ಒಬ್ಬ. ನಡುವೆ ಎತ್ತರದವನನ್ನು ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ಅಲ್ಲಿ ನಿಮ್ಮ ಅತ್ಯುತ್ತಮ ಪಾಸರ್ ಇರಲಿ, ಐದಡಿ ಎಂಟಿಂಚು ಇದ್ದರೂ ಪರವಾಗಿಲ್ಲ. ಅವನು ಚೆಂಡು ಹಿಡಿದ ಕೂಡಲೇ ರಿಂಗ್ ಕಡೆ ತಿರುಗಬೇಕು. ಬೆನ್ನು ಹಾಕಿಯೇ ನಿಂತರೆ ಆ ಪಾಸ್ ವ್ಯರ್ಥ. ತಿರುಗಿದ ಮೇಲೆ ಅವನು ನೋಡಬೇಕಾದದ್ದು ಎದುರಾಳಿಯ ಸೆಂಟರ್‌ನ ಕಾಲನ್ನು. ಕಾಲು ಮುಂದೆ ಬಂತೋ, ಅವನ ಬೆನ್ನ ಹಿಂದೆ ಎಂಡ್ ಲೈನ್‌ನವನಿಗೆ ಬೌನ್ಸ್ ಪಾಸ್. ಬರಲಿಲ್ಲವೋ, ಬೋರ್ಡ್‌ನಿಂದ 4.6 ಮೀಟರ್‌ನಲ್ಲಿ ಯಾರೂ ಅಡ್ಡವಿಲ್ಲದ ಶಾಟ್. ಎರಡೂ ಕೂಡದಿದ್ದರೆ ಚೆಂಡು ಬಂದ ದಿಕ್ಕಿನ ಎದುರು ವಿಂಗ್‌ಗೆ. ಅಲ್ಲಿಯ ಡಿಫೆಂಡರ್ ಆಗಲೇ ಒಳಗೆ ಕುಗ್ಗಿರುತ್ತಾನೆ.

ಇದಕ್ಕೆ ಡ್ರಿಲ್: ಅರ್ಧ ಕೋರ್ಟ್, 5ಕ್ಕೆ 5, ಡ್ರಿಬಲ್ ನಿಷೇಧ. ಚೆಂಡು ಒಮ್ಮೆ ಪೇಂಟ್ ಒಳಗೆ ಮುಟ್ಟಿ ಬಂದ ಮೇಲಷ್ಟೇ ಶಾಟ್‌ಗೆ ಲೆಕ್ಕ. 8 ನಿಮಿಷದ ಎರಡು ಸುತ್ತು, ದಿನಾ. ಮೊದಲ ಮೂರು ದಿನ ಭಾರಿ ಕೊಳಕಾಗಿ ಕಾಣುತ್ತದೆ. ಬಿಡಬೇಡಿ.

ಎತ್ತರ ಕಡಿಮೆ ಎಂದು ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು) ಬಿಟ್ಟುಕೊಡಬೇಡಿ. ಜೋನ್‌ನಲ್ಲಿ ನಿಂತವನಿಗೆ ಬಾಕ್ಸ್ ಔಟ್ ಮಾಡಲು (ಬೆನ್ನು ಕೊಟ್ಟು ತಡೆಯಲು) ಇಂಥವನೇ ಎಂದು ಒಬ್ಬ ಗೊತ್ತಾಗಿರುವುದಿಲ್ಲ. ಶಾಟ್ ಎದ್ದಾಗ ಎದುರು ಬದಿಯ ವಿಂಗ್ ಒಳಗೆ ನುಗ್ಗಲಿ. ಬದಿಯಿಂದ ಹೋದ ಉದ್ದ ಶಾಟ್ ತಪ್ಪಿದರೆ ಚೆಂಡು ಹೆಚ್ಚಾಗಿ ಆಚೆ ಬದಿಗೇ ಬೀಳುತ್ತದೆ. ಚೆಂಡು ರಿಂಗ್‌ಗೆ ತಾಗಿ ನಿಮಗೇ ಸಿಕ್ಕಿದರೆ ಶಾಟ್ ಕ್ಲಾಕ್ (ಶಾಟ್ ಎಸೆಯಲು ಇರುವ ಗಡುವು) ಮತ್ತೆ 14 ಸೆಕೆಂಡ್, 24 ಅಲ್ಲ. ಹುಡುಗರಿಗೆ ಇದನ್ನು ಈಗಲೇ ಹೇಳಿಡಿ.

ಕರಿಮಣ್ಣು

5 ಕಿಲೋಮೀಟರ್ ಓಟ ಇವತ್ತೇ ನಿಲ್ಲಿಸ್ರಿ. ಈ ಆಟದಾಗ ಯಾರೂ ಒಂದೇ ಸಮ 25 ನಿಮಿಷ ಓಡಂಗಿಲ್ಲ. ಓಡು, ನಿಲ್ಲು, ಜಿಗಿ, ತಿರುಗು, ಇಷ್ಟ ಅದ. ಸಿಮೆಂಟಿನ ಮ್ಯಾಲ ದಿನಾ ಉದ್ದ ಓಡಿದ್ರ ಮೊಣಕಾಲಿನ ಕೆಳಗಿನ ಎಲುಬು ನೋಯಾಕ ಶುರು ಆಗ್ತದ, ಟೂರ್ನಮೆಂಟ್ ಹೊತ್ತಿಗೆ ಇಬ್ಬರು ಬೆಂಚ್ ಮ್ಯಾಲ ಕೂತಿರ್ತಾರ.

ಅದರ ಬದಲು ಲೈನ್ ಡ್ರಿಲ್. ಎಂಡ್ ಲೈನ್‌ದಿಂದ ಹತ್ತಿರದ ಫ್ರೀ ಥ್ರೋ ಗೆರೆಗೆ ಹೋಗಿ ಬರೋದು, ನಡು ಗೆರೆಗೆ, ಆಚಿ ಫ್ರೀ ಥ್ರೋ ಗೆರೆಗೆ, ಆಚಿ ಎಂಡ್ ಲೈನ್‌ಗೆ. 28 ಮೀಟರ್ ಕೋರ್ಟ್‌ನಾಗ ಒಟ್ಟು 140 ಮೀಟರ್ ಆಗ್ತದ. 30ರಿಂದ 32 ಸೆಕೆಂಡಿಗೆ ಮುಗಿಸಬೇಕು, ಆಮ್ಯಾಲ ಒಂದು ನಿಮಿಷ ವಿಶ್ರಾಂತಿ. ಮೊದಲ ವಾರ 8 ಸಲ, ಎರಡನೇ ವಾರ 6, ಕೊನೆ ವಾರ 3. ಕೊನೆ ಎರಡು ದಿನ ಇದು ಬ್ಯಾಡೇ ಬ್ಯಾಡ. ಕೊನೆ ವಾರ ಸಂಖ್ಯೆ ಇಳಿಸ್ರಿ, ವೇಗ ಇಳಿಸಬ್ಯಾಡ್ರಿ. ವೇಗ ಬಿಟ್ರ ಕಾಲು ಜಡ ಆಗ್ತದ.

ಒಂದು ದಿನ ಎರಡು ಪಂದ್ಯ ಅಂದ್ರ, ಒಂದು ದಿನ ಎರಡು ಪಂದ್ಯ ಆಡಿ ನೋಡಬೇಕು. ಟೂರ್ನಮೆಂಟ್‌ಗೆ 8ರಿಂದ 10 ದಿನ ಮೊದಲು, ರಜೆ ದಿನ ಬೆಳಿಗ್ಗೆ 10 ನಿಮಿಷದ 4 ಕ್ವಾರ್ಟರ್, ನಾಲ್ಕು ತಾಸು ಬಿಟ್ಟು ಮತ್ತ 4 ಕ್ವಾರ್ಟರ್. ಯಾರ ಕಾಲು ಎರಡನೇ ಪಂದ್ಯದಾಗ ಸಾಯ್ತಾವ ಅಂತ ಅವತ್ತೇ ಗೊತ್ತಾಗ್ತದ. ಬದಲಿ ಆಟಗಾರರ ಲೆಕ್ಕ ಅದರ ಮ್ಯಾಲ ಹಾಕ್ರಿ.

ನಡುವಿನ ಆ ನಾಲ್ಕು ತಾಸಿನ್ಯಾಗ ತಿನ್ನೋದು ಭಾಳ ಮುಖ್ಯ. ಮೊದಲ ಪಂದ್ಯ ಮುಗಿದು ಅರ್ಧ ತಾಸಿನೊಳಗ ಎರಡು ಬಾಳೆಹಣ್ಣು, ಉಪ್ಪು ಹಾಕಿದ ಮಜ್ಜಿಗಿ. ಒಂದು ತಾಸಿಗೆ ಮೆತ್ತನ್ನ ಅನ್ನ, ತೊಗರಿ ಬ್ಯಾಳಿ, ಖಾರ ಕಡಿಮಿ. ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ ನಮ್ಮ ಜೀವ ಖರೆ, ಆದ್ರ ಅವತ್ತು ಮಧ್ಯಾಹ್ನ ಬ್ಯಾಡ. ಎಣ್ಣಿ, ನಾರು ಹೊಟ್ಟಿಯೊಳಗ ಭಾಳ ಹೊತ್ತು ಕೂಡ್ತಾವ. ರಾತ್ರಿ ಹೊಟ್ಟಿ ತುಂಬ ಉಣ್ಣಲಿ. ನೀರಿನ ಲೆಕ್ಕಕ್ಕ ತೂಕದ ಯಂತ್ರ ಒಂದು ಸಾಕು. ಅಭ್ಯಾಸದ ಮೊದಲು, ಆಮ್ಯಾಲ ತೂಗ್ರಿ. 1 ಕಿಲೋ ಇಳಿದಿದ್ರ ಮುಂದಿನ ತಾಸುಗಳಾಗ ಸ್ವಲ್ಪ ಸ್ವಲ್ಪ ಮಾಡಿ 1.2ರಿಂದ 1.5 ಲೀಟರ್ ಒಳಗ ಹೋಗಬೇಕು. ಓಆರ್‌ಎಸ್ ಪಾಕೀಟಿನ ಮ್ಯಾಲ 1 ಲೀಟರ್ ಅಂತ ಬರೆದಿದ್ರ 1 ಲೀಟರಿಗೇ ಕಲಸ್ರಿ, ಅರ್ಧ ಬಾಟ್ಲಿಗೆ ಪೂರ್ತಿ ಸುರಿಯಬ್ಯಾಡ್ರಿ.

ಇನ್ನೊಂದು ಮಾತು, ನೆಲದ್ದು. ನಮ್ಮ ಕಡೆ ಕಪ್ಪು ಮಣ್ಣಿನ ಧೂಳು ಸಿಮೆಂಟಿನ ಮ್ಯಾಲ ಹಿಟ್ಟಿನಂಗ ಕೂಡ್ತದ. ಬೀದರ್‌ದು ಜಂಬಿಟ್ಟಿಗೆ ನೆಲ, ಅಲ್ಲಿ ಧೂಳು ಕೆಂಪು, ಸಣ್ಣ ಹರಳು ಹರಳಾಗಿ ಇರ್ತದ. ಹೊರಾಂಗಣ ಕೋರ್ಟ್ ಇದ್ರ ಬೂಟಿನ ಅಡಿ ಗೀರುಗಳಾಗ ಅದು ತುಂಬಿ ಹಿಡಿತ ಹೋಗ್ತದ. ಬೆಂಚ್ ಮುಂದ ಒಂದು ಒದ್ದಿ ಗೋಣಿಚೀಲ ಹಾಸ್ರಿ. ಒಳಗ ಹೋಗೋ ಪ್ರತಿಯೊಬ್ಬ ಅದರ ಮ್ಯಾಲ ಎರಡು ಸಲ ಕಾಲು ಒರೆಸಿ ಹೋಗ್ಲಿ. ಮತ್ತ, ವರಾಂಡದ ಶಹಾಬಾದ್ ಕಲ್ಲಿನ ಮ್ಯಾಲ ಜಿಗಿತದ ಅಭ್ಯಾಸ ಮಾಡಿಸಬ್ಯಾಡ್ರಿ. ನುಣುಪಾದ ಕಲ್ಲದು, ಬೆವರು ಬಿತ್ತು ಅಂದ್ರ ಎಣ್ಣಿ ಇದ್ದಂಗ.

ಸ್ಕೋರ್‌ಶೀಟ್

ಆಟದ ಮಾತು ಮೇಲಿನವರು ಹೇಳಿದ್ದಾರೆ. ಟೇಬಲ್ ಹತ್ತಿರ ಸೋಲುವ ವಿಷಯ ನಾನು ಬರೆಯುತ್ತೇನೆ.

ಲೀಗ್‌ನ ಲೆಕ್ಕ ಬಹಳ ತಂಡಗಳಿಗೆ ಗೊತ್ತಿಲ್ಲ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಗೆದ್ದರೆ 2 ಅಂಕ, ಸೋತರೆ 1, ಬಾರದೇ ಹೋದರೆ 0. ಮೂರು ತಂಡ ಸಮವಾದರೆ ಆ ಮೂರರ ನಡುವಿನ ಪಂದ್ಯಗಳನ್ನು ಮಾತ್ರ ಹಿಡಿಯುತ್ತಾರೆ. ಉದಾಹರಣೆಗೆ ಕ ತಂಡ ಖ ತಂಡವನ್ನು 6 ಪಾಯಿಂಟಿನಿಂದ ಸೋಲಿಸಿತು, ಖ ತಂಡ ಗ ತಂಡವನ್ನು 10ರಿಂದ, ಗ ತಂಡ ಕ ತಂಡವನ್ನು 3ರಿಂದ. ಮೂವರೂ ನಾಲ್ಕನೇ ತಂಡವನ್ನು ಸೋಲಿಸಿದ್ದಾರೆ. ಈಗ ವ್ಯತ್ಯಾಸ: ಕ ತಂಡಕ್ಕೆ +3, ಖ ತಂಡಕ್ಕೆ +4, ಗ ತಂಡಕ್ಕೆ -7. ಚಾಂಪಿಯನ್ ಖ ತಂಡ. ನಾಲ್ಕನೇ ತಂಡವನ್ನು ಕ ತಂಡ 50ರಿಂದ ಬಡಿದಿದ್ದರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗಾಗಿ ಬಲವಾದ ತಂಡದ ಎದುರು 8ರಿಂದ ಸೋಲುತ್ತಿದ್ದೀರಿ, ಒಂದು ನಿಮಿಷ ಉಳಿದಿದೆ ಎಂದರೆ ಕೈಬಿಡಬೇಡಿ, 4ಕ್ಕೆ ಇಳಿಸಿ. ದುರ್ಬಲ ತಂಡದ ಎದುರು 20 ಮುಂದಿದ್ದರೆ ಮುಖ್ಯ ಐದು ಮಂದಿಯನ್ನು ಕೂರಿಸಿ.

ಟೈಮ್ ಔಟ್ ಮೊದಲರ್ಧಕ್ಕೆ 2, ಎರಡನೇ ಅರ್ಧಕ್ಕೆ 3. ಮೊದಲರ್ಧದಲ್ಲಿ ಉಳಿದದ್ದು ಮುಂದಕ್ಕೆ ಬರುವುದಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಗಡಿಯಾರ 2.00ಕ್ಕೆ ಬಂದಾಗ ಮೂರೂ ಕೈಯಲ್ಲಿದ್ದರೆ ಒಂದು ಹೋದಂತೆಯೇ, ಬಳಸಲು ಸಿಗುವುದು ಎರಡೇ. ಆ ಕೊನೆಯ 2 ನಿಮಿಷದಲ್ಲಿ ನಿಮ್ಮ ಅರ್ಧದಿಂದ ಚೆಂಡು ಹಾಕಬೇಕಿರುವಾಗ ಟೈಮ್ ಔಟ್ ಪಡೆದರೆ ಎದುರು ಅರ್ಧದ ಥ್ರೋ ಇನ್ ಗೆರೆಯಿಂದ ಹಾಕುವ ಆಯ್ಕೆ ನಿಮ್ಮದು. ಪ್ರೆಸ್‌ಗೆ ಹೆದರುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕ್ವಾರ್ಟರ್‌ಗೆ ತಂಡದ ಫೌಲ್ 4 ಆದ ಮೇಲೆ, ಐದನೆಯದರಿಂದ ಎದುರಾಳಿಗೆ 2 ಫ್ರೀ ಥ್ರೋ. ಬೆಂಚ್ ಮೇಲೆ ಒಬ್ಬನಿಗೆ ಇದೇ ಕೆಲಸ ಕೊಡಿ, ಬೆರಳು ಎತ್ತಿ ತೋರಿಸುತ್ತಿರಲಿ.

ಎರಡು ಜೊತೆ ಜೆರ್ಸಿ ಇರಲಿ, ಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡಕ್ಕೆ ತಿಳಿ ಬಣ್ಣ. ಜೆರ್ಸಿ ಒಳಗೆ ಟೀ ಶರ್ಟ್ ನಡೆಯುವುದಿಲ್ಲ. ಅರ್ಹತಾ ಪತ್ರ, ಗುರುತಿನ ಚೀಟಿ, ಹತ್ತನೇ ತರಗತಿ ಅಂಕಪಟ್ಟಿಯ ಮೂಲ ಪ್ರತಿ ಒಂದೇ ಫೈಲಿನಲ್ಲಿ, ಒಬ್ಬರ ಕೈಯಲ್ಲಿ ಮಾತ್ರ ಇರಲಿ. 24 ಸೆಕೆಂಡ್ ಫಲಕ ಇದೆಯೇ, ಗಡಿಯಾರ ನಿಲ್ಲಿಸುತ್ತಾರೆಯೇ, ಯಾವ ಚೆಂಡು ಎಂಬ ಮೂರು ಪ್ರಶ್ನೆ ಮ್ಯಾನೇಜರ್‌ಗಳ ಸಭೆಯಲ್ಲೇ ಕೇಳಿ.

ಜಂಪ್‌ಬಾಲ್_ಕಲಬುರಗಿ

ಮೂವರಿಗೂ ಧನ್ಯವಾದ. ಓಟ ನಿಲ್ಲಿಸಿದೆವು, ಪ್ಲೇ ಮೂರಕ್ಕೆ ಇಳಿಸಿದೆವು. ಪ್ರೆಸ್ ಮತ್ತು ಫ್ರೀ ಥ್ರೋ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿ. ಕಾಲು ಉಳಿಸಲು ನಾವೇ 2-3 ಜೋನ್ ಆಡಿದರೆ ಹೇಗೆ?

ಹೈಪೋಸ್ಟ್

ಪ್ರೆಸ್ ಒಡೆಯುವುದು ಕಾಲಿನಿಂದಲ್ಲ, ಕಣ್ಣಿನಿಂದ. ಮೊದಲ ಪಾಸನ್ನು ಮೂಲೆಯಲ್ಲಿ ಹಿಡಿಯಬಾರದು. ಅಲ್ಲಿ ಎಂಡ್ ಲೈನ್, ಸೈಡ್ ಲೈನ್ ಎರಡೂ ಎದುರಾಳಿಯ ಡಿಫೆಂಡರ್‌ಗಳೇ. ಹಿಡಿದವನು ಡ್ರಿಬಲ್ ಶುರು ಮಾಡುವ ಮೊದಲು ತಿರುಗಿ ನಡು ಗೆರೆ ನೋಡಬೇಕು. ಚೆಂಡು ಒಳಗೆ ಹಾಕಿದವನು ಅವನ ಹಿಂದೆ ನಿಲ್ಲಲಿ, ನಡುವೆ ಒಬ್ಬ, ಆಚೆ ಬದಿಯಲ್ಲಿ ಒಬ್ಬ, ರಿಂಗ್ ಹತ್ತಿರ ಒಬ್ಬ. ಇಬ್ಬರು ಬಂದು ಮುತ್ತಿದರೆ ಅವರಿಬ್ಬರ ನಡುವಿನ ಸಂದಿಯಿಂದ ಪಾಸ್ ಬೇಡ. ಕಾಲು ಹಾಕಿ ಪಕ್ಕಕ್ಕೆ ಚಾಚಿ ಕೊಡಿ, ಇಲ್ಲವೇ ಹಿಂದೆ ಕೊಡಿ. ನಡು ಗೆರೆ ದಾಟಲು ಇರುವ 8 ಸೆಕೆಂಡ್ ಅಂದುಕೊಂಡದ್ದಕ್ಕಿಂತ ದೊಡ್ಡದು. ನಡು ಗೆರೆ ದಾಟಿದ ಕೂಡಲೇ ನಿಲ್ಲಬೇಡಿ, ಎರಡನೇ ಬಲೆ ಹಾಕುವುದು ಅಲ್ಲಿಯೇ, ಹಿಂದೆ ಹೋಗಲೂ ಆಗುವುದಿಲ್ಲ. ಅಭ್ಯಾಸದಲ್ಲಿ 7 ಜನ ಪ್ರೆಸ್ ಹಾಕಲಿ, 4 ಜನ ಒಡೆಯಲಿ. 11 ಜನಕ್ಕೆ ಲೆಕ್ಕವೂ ಸರಿಹೋಗುತ್ತದೆ.

ಫ್ರೀ ಥ್ರೋವನ್ನು ಸಾಲಾಗಿ 50 ಎಸೆಯಬೇಡಿ. ಪಂದ್ಯದಲ್ಲಿ ಸಿಗುವುದು ಎರಡು, ಅದೂ ಏದುಸಿರಿನಲ್ಲಿ. ಪ್ರತಿ ಲೈನ್ ಡ್ರಿಲ್ ಮುಗಿದ ಕೂಡಲೇ ಇಬ್ಬರು ಎರಡೆರಡು ಎಸೆಯಲಿ, ಗುರುತು ಹಾಕಿ. ತಪ್ಪು ಯಾವ ಕಡೆ ಎಂದೂ ಬರೆಯಿರಿ. ಮುಂದಿನ ಅಂಚಿಗೆ ಬಡಿದರೆ ಕಾಲು ಬಗ್ಗಿಲ್ಲ. ನಾಲ್ಕನೇ ಕ್ವಾರ್ಟರ್‌ನ ತಪ್ಪು ಬಹುಪಾಲು ಇದೇ. ಎಡಕ್ಕೋ ಬಲಕ್ಕೋ ಹೋದರೆ ಮೊಣಕೈ ಹೊರಗೆ ಹೋಗಿದೆ. ರೆಫರಿ ಚೆಂಡು ಕೊಟ್ಟ ಮೇಲೆ 5 ಸೆಕೆಂಡ್ ಇದೆ. ಒಂದು ದೀರ್ಘ ಉಸಿರು ಬಿಡಲು ಅಷ್ಟು ಸಾಕು.

ಜೋನ್ ವಿಷಯ: ಎತ್ತರವಿಲ್ಲದ ತಂಡ ಇಡೀ ಪಂದ್ಯ ಜೋನ್ ಆಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರಿಬೌಂಡ್ ಕೈತಪ್ಪುತ್ತದೆ.

ಕರಿಮಣ್ಣು

ಪೂರ್ತಿ ಒಪ್ಪಂಗಿಲ್ಲ. ಮೊದಲ ದಿನದ ಎರಡನೇ ಪಂದ್ಯದಾಗ 40 ನಿಮಿಷ ಮ್ಯಾನ್ ಟು ಮ್ಯಾನ್ ಆಡಿದ್ರ ಮರುದಿನದ ಲೀಗ್‌ಗೆ ಕಾಲು ಇರಂಗಿಲ್ಲ. ಎರಡನೇ ಕ್ವಾರ್ಟರ್ ಪೂರ್ತಿ ಜೋನ್ ಹಾಕ್ರಿ, ಆಮ್ಯಾಲ ಸೈಡ್ ಲೈನ್ ಥ್ರೋ ಇನ್ ಆದಾಗೆಲ್ಲ ಜೋನ್. ಶಾಟ್ ಎದ್ದ ಕೂಡಲೇ ಹಿಂದಿನ ಮೂವರು ತಮ್ಮ ಹತ್ತಿರ ಇದ್ದವನಿಗೆ ಬೆನ್ನು ಕೊಟ್ಟು ತಡೀಲಿ, ಮುಂದಿನ ಇಬ್ಬರು ಫ್ರೀ ಥ್ರೋ ಗೆರಿಗೆ ಇಳೀಲಿ. ಉದ್ದ ರಿಬೌಂಡ್ ಅವರಿಗೇ ಸಿಗ್ತದ.

ಕಾಲು ಉಳುಕಿದ ಹುಡುಗ ಇದ್ರ ಟೇಪ್ ಹಿಂಗ ಕಟ್ರಿ. 3.8 ಸೆಂಟಿಮೀಟರ್ ಅಗಲದ, ಹಿಗ್ಗದ ಟೇಪ್. ಪಾದ 90 ಡಿಗ್ರಿ, ಬೆರಳು ತನ್ನ ಕಡೆ ಎಳೆದಿರಬೇಕು. ಕಣಕಾಲಿನ ಮ್ಯಾಲ ಒಂದು ಸುತ್ತು ಆಧಾರ. ಅಲ್ಲಿಂದ ಒಳಬದಿಯಿಂದ ಹಿಮ್ಮಡಿ ಕೆಳಗ ಹಾಯಿಸಿ ಹೊರಬದಿಗೆ ಬಿಗಿಯಾಗಿ ಎಳೀಬೇಕು, ಒಂದರ ಮ್ಯಾಲ ಒಂದು ಅರ್ಧ ಮುಚ್ಚಿ ಮೂರು ಪಟ್ಟಿ. ಉಲ್ಟಾ ಎಳೆದ್ರ ಪಾದ ಒಳಗ ಮಡಚೂದಕ್ಕ ನೀವೇ ದಾರಿ ಮಾಡಿಕೊಟ್ಟಂಗ. ಮುಗಿದ ಮ್ಯಾಲ ಹೆಬ್ಬೆರಳಿನ ಉಗುರು ಒತ್ತಿ ಬಿಡ್ರಿ, ಎರಡು ಸೆಕೆಂಡಿನ್ಯಾಗ ಬಣ್ಣ ಬರಲಿಲ್ಲ ಅಂದ್ರ ಬಿಗಿ ಹೆಚ್ಚಾಗೇದ, ಬಿಚ್ಚಿ ಕಟ್ರಿ. ಬಾವು ಇದ್ದು ನಾಲ್ಕು ಹೆಜ್ಜಿ ಊರಾಕ ಆಗದಿದ್ರ ಟೇಪ್ ಬ್ಯಾಡ, ಎಕ್ಸ್‌ರೇ ಮಾಡಿಸ್ರಿ.

ಹಿಂದಿನ ದಿನವೇ ಬೀದರ್ ಮುಟ್ರಿ. ಹುಮನಾಬಾದ್ ಮ್ಯಾಲ ಬಸ್ಸಿನ್ಯಾಗ ಸುಮಾರು ಮೂರು ತಾಸು ಮೊಣಕಾಲು ಮಡಚಿ ಕೂತು ಇಳಿದವರು ಮೊದಲ ಕ್ವಾರ್ಟರ್ ಜಿಗಿಯಂಗಿಲ್ಲ. ಬೀದರ್ ನಮಗಿಂತ ಎತ್ತರದಾಗ ಅದ, ಬೆಳಿಗ್ಗಿ ತಂಪು. ವಾರ್ಮ್ ಅಪ್ 15 ನಿಮಿಷದ್ದು 25 ಮಾಡ್ರಿ.

ಸ್ಕೋರ್‌ಶೀಟ್

ಸಂಜೆ ಅಲ್ಲಿಯ ಕೋರ್ಟ್ ಸಿಕ್ಕರೆ ಅರ್ಧ ತಾಸು ಎರಡೂ ರಿಂಗ್‌ಗೆ ಎಸೆದು ನೋಡಿ. ಸೂರ್ಯ ಬೋರ್ಡ್ ಹಿಂದೆ ಬರುವ ಕೋರ್ಟ್ ಆದರೆ ಯಾವ ತುದಿಯಲ್ಲಿ ಕಣ್ಣು ಕುಕ್ಕುತ್ತದೆ ಎಂದು ತಿಳಿದಿರಲಿ, ಅರ್ಧ ವಿರಾಮದ ನಂತರ ತುದಿ ಬದಲಾಗುತ್ತದೆ. ರಿಂಗ್ 3.05 ಮೀಟರ್ ಇದೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ಕಡಿಮೆ ಬಂದರೆ ತಕರಾರು ಸಭೆಯಲ್ಲೇ ಎತ್ತಬೇಕು, ಪಂದ್ಯ ಶುರುವಾದ ಮೇಲಲ್ಲ. ಚೆಂಡನ್ನೂ ನೋಡಿ: ತಳ 1.8 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಬಿಟ್ಟಾಗ ಅದರ ತಲೆ 1.2ರಿಂದ 1.4 ಮೀಟರ್‌ವರೆಗೆ ಏಳಬೇಕು. ಅಲ್ಲಿ ರಬ್ಬರ್ ಚೆಂಡು ಎಂದು ಮೊದಲೇ ಗೊತ್ತಾದರೆ ಕೊನೆಯ ವಾರವಿಡೀ ಇಲ್ಲಿಯೂ ಅದರಲ್ಲೇ ಆಡಿ.